ಮಲೆನಾಡಿನ ಅಂಗಳಕ್ಕೆ ಕುಳ್ಳ ಹೈಡ್ರಾಂಜಿಯ: ಹೂ ಬೇಕಾದರೆ ಬೆಳಗಿನ ಬಿಸಿಲು ಕೊಡಿ

ಮಡಿಕೇರಿ, ಸಕಲೇಶಪುರ, ಮೂಡಿಗೆರೆ, ಕೊಪ್ಪ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಒಂದು ದೂರು ಮೇಲಿಂದ ಮೇಲೆ ಕೇಳಿಬರುತ್ತದೆ. “ಹೈಡ್ರಾಂಜಿಯ ನೆಟ್ಟು ಮೂರು ವರ್ಷವಾಯಿತು. ಗಿಡ ಆಳೆತ್ತರ ಬೆಳೆದಿದೆ, ಎಲೆ ಕೆಸುವಿನ ಹಾಗೆ ಅಗಲವಾಗಿದೆ. ಆದರೆ ಹೂ ಮಾತ್ರ ಒಂದೂ ಇಲ್ಲ. ಇದು ಗೊಡ್ಡು ಗಿಡವೇ?”

ಗೊಡ್ಡು ಗಿಡವಲ್ಲ. ನೂರಕ್ಕೆ ತೊಂಬತ್ತು ಪಾಲು ತಪ್ಪು ಗಿಡದ್ದಲ್ಲ, ಜಾಗದ್ದು ಮತ್ತು ಕತ್ತರಿಯದ್ದು. ಈ ಎರಡನ್ನೂ ಸರಿಪಡಿಸುವುದು ಕಷ್ಟವೇನಲ್ಲ. ಮನೆಯ ಅಂಗಳದ ಹೂಗಿಡಗಳನ್ನು ನೋಡಿಕೊಳ್ಳುವವರು ಹೆಚ್ಚಾಗಿ ಹೆಣ್ಣುಮಕ್ಕಳು. ವಾಚನಾಲಯದಲ್ಲಿ ಈ ಪುಟ ಓದುವವರು ಹೆಚ್ಚಾಗಿ ಗಂಡಸರು. ಆದ್ದರಿಂದ ಓದಿದ್ದನ್ನು ದಯವಿಟ್ಟು ಮನೆಗೆ ಹೋಗಿ ಹೇಳಿ.

ಗಿಡದ ಪರಿಚಯ

ಹೈಡ್ರಾಂಜಿಯ ನಮ್ಮ ನೆಲದ ಗಿಡವಲ್ಲ. ನಮ್ಮ ಅಂಗಳಗಳಲ್ಲಿ ಕಾಣುವ, ದೊಡ್ಡ ಚೆಂಡಿನಂಥ ಹೂಗೊಂಚಲು ಬಿಡುವ ಜಾತಿಯ ತವರು ಜಪಾನು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅದು ಯುರೋಪಿನ ತೋಟಗಳನ್ನು ಸೇರಿತು. ತಂಪು ಹವೆಯ ಗುಡ್ಡಗಾಡುಗಳು ಅದಕ್ಕೆ ಒಗ್ಗುತ್ತವೆ. ಸುಮಾರು 7,350 ಅಡಿ ಎತ್ತರದ ಊಟಿಯಲ್ಲಿ ಅದು ಬೇಲಿಯ ಹಾಗೆ ಬೆಳೆಯುತ್ತದೆ. ಸುಮಾರು 3,800 ಅಡಿ ಎತ್ತರದ ಮಡಿಕೇರಿಯಲ್ಲೂ, ಕಾಫಿ ಸೀಮೆಯ ಉಳಿದೆಡೆಗಳಲ್ಲೂ ಅದಕ್ಕೆ ತೊಂದರೆಯಿಲ್ಲ.

ಹೆಸರು ಗ್ರೀಕ್ ಭಾಷೆಯದು, ‘ನೀರಿನ ಪಾತ್ರೆ’ ಎಂದು ಅರ್ಥ. ಅದರ ಬೀಜದ ಕಾಯಿ ಪುಟ್ಟ ಗಡಿಗೆಯ ಆಕಾರದಲ್ಲಿರುವುದರಿಂದ ಈ ಹೆಸರು ಬಂತು. ಆದರೆ ಹೆಸರನ್ನು ಗಿಡದ ಸ್ವಭಾವವೆಂದು ತಿಳಿದರೂ ತಪ್ಪಿಲ್ಲ. ಇದು ನೀರು ಬೇಡುವ ಗಿಡ. ನೀರು ಬೇಡುತ್ತದೆ ಎಂದರೆ ಬುಡದಲ್ಲಿ ನೀರು ನಿಲ್ಲಬೇಕು ಎಂದಲ್ಲ. ಈ ವ್ಯತ್ಯಾಸವನ್ನು ನೆನಪಿಡಬೇಕು.

ನಾವು ಎಸಳು ಎಂದುಕೊಳ್ಳುವ ಬಣ್ಣದ ಭಾಗ ನಿಜವಾಗಿ ಎಸಳಲ್ಲ, ಹೂವಿನ ಹೊರಗಿನ ಪುಷ್ಪಪತ್ರ. ಎಸಳಾಗಿದ್ದರೆ ನಾಲ್ಕು ದಿನದಲ್ಲಿ ಉದುರುತ್ತಿತ್ತು. ಪುಷ್ಪಪತ್ರವಾದ್ದರಿಂದಲೇ ಒಂದು ಗೊಂಚಲು ವಾರಗಟ್ಟಲೆ ಗಿಡದ ಮೇಲೆ ನಿಲ್ಲುತ್ತದೆ.

“ನೆರಳಿನ ಗಿಡ” ಎಂಬ ತಪ್ಪು ತಿಳಿವಳಿಕೆ

ಹೈಡ್ರಾಂಜಿಯ ನೆರಳಿನ ಗಿಡ ಎಂಬ ಮಾತು ಎಲ್ಲೆಡೆ ಹಬ್ಬಿದೆ. ಅದನ್ನು ನಂಬಿ ಹಲಸಿನ ಮರದ ಅಡಿಯಲ್ಲೋ, ಅಡಿಕೆ ತೋಟದ ಅಂಚಿನಲ್ಲೋ, ಬಚ್ಚಲು ಮನೆಯ ಹಿಂದಿನ ಕತ್ತಲೆಯಲ್ಲೋ ನೆಡುತ್ತಾರೆ. ಗಿಡ ಸಾಯುವುದಿಲ್ಲ. ಬೆಳಕನ್ನು ಹುಡುಕಿಕೊಂಡು ಉದ್ದಕ್ಕೆ ಏಳುತ್ತದೆ. ಗೆಣ್ಣಿನಿಂದ ಗೆಣ್ಣಿಗೆ ದೂರ ಹೆಚ್ಚುತ್ತದೆ, ಕಾಂಡ ಸೊರಗುತ್ತದೆ, ಮಳೆಗಾಳಿಗೆ ಮಲಗುತ್ತದೆ. ಹೂ ಬಿಡುವಷ್ಟು ಶಕ್ತಿ ಅದಕ್ಕೆ ಒದಗುವುದಿಲ್ಲ.

ಗಿಡ ಕುಳ್ಳಗೆ, ತುಂಬಿಕೊಂಡು ಇರಬೇಕಾದರೆ ಬಿಸಿಲು ಬೇಕು. ಹೂ ಬೇಕಾದರೂ ಬಿಸಿಲೇ ಬೇಕು. ಆದರೆ ಯಾವ ಬಿಸಿಲು ಎಂಬುದು ಪ್ರಶ್ನೆ. ಬೆಳಗಿನಿಂದ ಹನ್ನೊಂದು ಗಂಟೆಯವರೆಗಿನ ಎಳೆ ಬಿಸಿಲು ಇದಕ್ಕೆ ಅಮೃತ. ಮಾರ್ಚ್‌ನಿಂದ ಮೇ ತನಕದ ನಡುಹಗಲ, ಇಳಿಹೊತ್ತಿನ ಬಿಸಿಲು ಎಲೆಯಂಚನ್ನು ಸುಡುತ್ತದೆ. ಆದ್ದರಿಂದ ಮನೆಯ ಪೂರ್ವ ಮಗ್ಗುಲು ಎಲ್ಲಕ್ಕಿಂತ ಉತ್ತಮ. ಬೆಳಿಗ್ಗೆ ನಾಲ್ಕು ಗಂಟೆ ಕಾಲ ಬಿಸಿಲು ಬೀಳುತ್ತದೆ, ಆಮೇಲೆ ಮನೆಯ ನೆರಳೇ ಅದಕ್ಕೆ ಕೊಡೆಯಾಗುತ್ತದೆ. ಪಡುವಣ ಗೋಡೆಯ ಬುಡ ಎಲ್ಲಕ್ಕಿಂತ ಕೆಟ್ಟ ಜಾಗ.

ಮಲೆನಾಡಿನವರು ಇನ್ನೊಂದು ಲೆಕ್ಕ ಹಾಕಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮೋಡದ್ದೇ ರಾಜ್ಯ. ಬಿಸಿಲು ಮೊದಲೇ ಕಡಿಮೆ. ಅದರ ಮೇಲೆ ಮರದ ನೆರಳೂ ಸೇರಿದರೆ ಗಿಡಕ್ಕೆ ಉಳಿಯುವುದೇನು? ಬಯಲಿನವರಿಗೆ ಹೇಳುವ “ಅರೆನೆರಳು” ಎಂಬ ಮಾತನ್ನು ಮಲೆನಾಡಿನವರು ಹಾಗೆಯೇ ಪಾಲಿಸಬಾರದು.

ಪೂರ್ಣ ಬಿಸಿಲಿನ ಇನ್ನೊಂದು ಜಾತಿ

ಅಮೆರಿಕದ ಮನೆಗಳ ಮುಂದೆ ಹಗಲಿಡೀ ಬಿಸಿಲಿನಲ್ಲಿ ನಿಂತು ಹೂ ಬಿಡುವ ಹೈಡ್ರಾಂಜಿಯದ ಚಿತ್ರಗಳನ್ನು ನೀವು ಮಕ್ಕಳ ಮೊಬೈಲಿನಲ್ಲಿ ನೋಡಿರಬಹುದು. ಅದು ಬೇರೆ ಜಾತಿ. ಅದರ ಹೂಗೊಂಚಲು ಚೆಂಡಿನಂತೆ ಗುಂಡಗಿರುವುದಿಲ್ಲ, ಗೋಪುರದಂತೆ ತುದಿ ಚೂಪಾಗಿರುತ್ತದೆ. ಬಿಳಿಯಾಗಿ ಅಥವಾ ಎಳೆಹಸಿರಾಗಿ ಅರಳಿ, ಬಲಿತಂತೆ ಗುಲಾಬಿಗೆ ತಿರುಗುತ್ತದೆ. ‘ಲಿಟ್ಲ್ ಲೈಮ್’, ‘ಬೋಬೋ’ ಎಂಬ ತಳಿಗಳು ಮೂರರಿಂದ ಐದು ಅಡಿಯೊಳಗೇ ನಿಲ್ಲುವುದರಿಂದ ಅಲ್ಲಿ ಬಹಳ ಜನಪ್ರಿಯವಾಗಿವೆ. ಆರು ಗಂಟೆ ಬಿಸಿಲು ಸಿಕ್ಕರೆ ಅವು ಕಳೆಗಟ್ಟುತ್ತವೆ. ಹಿಮ ಬಿದ್ದು ಸೊನ್ನೆಗಿಂತ ಬಹಳ ಕೆಳಗಿಳಿಯುವ ಚಳಿಯನ್ನೂ ತಡೆಯುತ್ತವೆ.

ಇದನ್ನು ಕೇಳಿ ಆಸೆಪಡುವ ಮುನ್ನ ತಡೆಯಿರಿ. ಆ ಗಿಡ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋಗುವ ಸ್ವಭಾವದ್ದು. ಚಳಿದೇಶದ ಚಳಿಗೆ ಹುಟ್ಟಿದ್ದು. ಆ ದೇಶದಲ್ಲೇ ತೆಂಕಣದ ಸೆಕೆ ರಾಜ್ಯಗಳಲ್ಲಿ ಅದಕ್ಕೂ ಮಧ್ಯಾಹ್ನದ ನೆರಳು ಕೊಡಬೇಕೆಂದು ಹೇಳುತ್ತಾರೆ. ನಮ್ಮ ಬೇಸಗೆಯಲ್ಲಿ ಅದನ್ನು ನಂಬಿ ಹಣ ಹಾಕುವುದು ಜಾಣತನವಲ್ಲ. ನಮಗೆ ಚೆಂಡು ಹೂವಿನ ಜಾತಿಯೇ ಸರಿ. ಅದನ್ನೇ ಬಿಸಿಲು ಮತ್ತು ಕತ್ತರಿಯಿಂದ ಕುಳ್ಳಗೆ ಇಡಬಹುದು.

ಅಂಚೆಯಲ್ಲಿ ಬರುವ “ಏಳು ಬಣ್ಣದ ಹೈಡ್ರಾಂಜಿಯ ಬೀಜ”ದ ಪೊಟ್ಟಣಕ್ಕಂತೂ ಮರುಳಾಗಬೇಡಿ. ಬೀಜದಿಂದ ಬಂದ ಗಿಡ ತಾಯಿಯಂತೆ ಇರುವುದಿಲ್ಲ. ಈ ಗಿಡವನ್ನು ಬೆಳೆಸುವುದು ಕಡ್ಡಿಯಿಂದ. ಆ ಕಡ್ಡಿ ನೆರೆಮನೆಯಲ್ಲಿ ಬಿಟ್ಟಿಯಾಗಿ ಸಿಗುತ್ತದೆ.

ಕಡ್ಡಿ ನೆಡುವ ಕ್ರಮ

ಮುಂಗಾರು ಹಿಡಿದ ಮೇಲೆ, ಜೂನ್-ಜುಲೈ ತಿಂಗಳು ಕಡ್ಡಿ ನೆಡಲು ಸರಿಯಾದ ಕಾಲ. ಹೂ ಬಿಟ್ಟಿರದ, ತೀರಾ ಎಳೆಯದೂ ಅಲ್ಲದ ತೀರಾ ಬಲಿತದ್ದೂ ಅಲ್ಲದ ಟಿಸಿಲನ್ನು ಆರಿಸಿ. ಬಗ್ಗಿಸಿದರೆ ಪಟ್ಟನೆ ಮುರಿಯುವ ಹದ ಇರಬೇಕು. ಐದಾರು ಅಂಗುಲ ಉದ್ದಕ್ಕೆ, ಗೆಣ್ಣಿನ ಸ್ವಲ್ಪ ಕೆಳಗೆ, ಹರಿತವಾದ ಚಾಕುವಿನಿಂದ ಕತ್ತರಿಸಿ. ಕೆಳಗಿನ ಗೆಣ್ಣಿನ ಎಲೆಗಳನ್ನು ತೆಗೆಯಿರಿ. ಮೇಲಿನ ಎರಡು ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ ಬಿಡಿ. ಬೇರಿಲ್ಲದ ಕಡ್ಡಿಗೆ ಅಗಲ ಎಲೆಯನ್ನು ಸಾಕುವ ಶಕ್ತಿ ಇರುವುದಿಲ್ಲ.

ಅರ್ಧ ಹೊಳೆಮರಳು, ಅರ್ಧ ಮೇಲ್ಮಣ್ಣು ಬೆರೆಸಿ ಪಾಲಿಥೀನ್ ಚೀಲಕ್ಕೆ ತುಂಬಿ. ಕಾಫಿ ಸಸಿಯ ಚೀಲವೇ ಸಾಕು. ಒಂದು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಊರಿ, ಸುತ್ತ ಬೆರಳಿನಿಂದ ಒತ್ತಿ. ಮಳೆಹನಿ ನೇರ ಬೀಳದ ಕಡೆ, ಬೆಳಕಿರುವ ಜಗಲಿಯ ಅಂಚಿನಲ್ಲಿಡಿ. ಮೂರು ನಾಲ್ಕು ವಾರಗಳಲ್ಲಿ ಬೇರು ಬರುತ್ತದೆ. ಮೆಲ್ಲನೆ ಎಳೆದಾಗ ಕಡ್ಡಿ ಬಿಗಿಯಾಗಿ ಹಿಡಿದುಕೊಂಡರೆ ಬೇರು ಬಂದಿದೆ ಎಂದು ತಿಳಿಯಬಹುದು.

ಇದಕ್ಕಿಂತಲೂ ಸುಲಭದ ದಾರಿ ಇದೆ. ಗಿಡದ ಕೆಳಗಿನ ರೆಂಬೆಯನ್ನು ನೆಲಕ್ಕೆ ಬಗ್ಗಿಸಿ, ನಡುಭಾಗಕ್ಕೆ ಮಣ್ಣು ಮುಚ್ಚಿ ಮೇಲೊಂದು ಕಲ್ಲು ಹೇರಿಡಿ. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಬೇರು ಬಂದಿರುತ್ತದೆ. ತಾಯಿಗಿಡದಿಂದ ಕತ್ತರಿಸಿ ಬೇರೆ ಕಡೆ ನೆಟ್ಟರಾಯಿತು.

ಗುಣಿ ಮತ್ತು ನಾಟಿ

ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಣಿ ತೆಗೆಯಿರಿ. ಮೇಲ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಕೊಳೆತ ತರಗೆಲೆ ಈ ಮೂರನ್ನೂ ಬೆರೆಸಿ ತುಂಬಿ. ಗಿಡದಿಂದ ಗಿಡಕ್ಕೆ ಮೂರು ಅಡಿ ಬಿಡಿ. ಹತ್ತಿರ ಹತ್ತಿರ ನೆಟ್ಟರೆ ಗಾಳಿಯಾಡದೆ ಮಳೆಗಾಲದಲ್ಲಿ ಎಲೆರೋಗ ಹಿಡಿಯುತ್ತದೆ.

ಹಂಚಿನ ಮನೆಯವರು ಸೂರಿನ ನೀರು ಬೀಳುವ ಗೆರೆಯನ್ನು ನೋಡಿಕೊಂಡು ನೆಡಬೇಕು. ಆ ಗೆರೆಯ ಮೇಲೆಯೇ ನೆಟ್ಟರೆ ಹೂಗೊಂಚಲು ಮುರಿಯುತ್ತದೆ, ಬುಡದ ಮಣ್ಣು ಕೊಚ್ಚಿಹೋಗುತ್ತದೆ, ಬೇರು ಕೊಳೆಯುತ್ತದೆ. ಗೆರೆಯಿಂದ ಎರಡಡಿ ಹೊರಗೆ ನೆಡಿ. ನೀರು ನಿಲ್ಲುವ ಜಾಗವಾದರೆ ಅರ್ಧ ಅಡಿ ಏರಿ ಮಾಡಿ, ಅದರ ಮೇಲೆ ನೆಡಿ.

ನೆಲದಲ್ಲಿ ಜಾಗವಿಲ್ಲದವರು ಹನ್ನೆರಡು ಅಂಗುಲದ ಕುಂಡದಲ್ಲೂ ಬೆಳೆಸಬಹುದು. ತಳದಲ್ಲಿ ತೂತು ಇರಲೇಬೇಕು. ಕುಂಡದ ಗಿಡ ತಾನಾಗಿಯೇ ಕುಳ್ಳಗಿರುತ್ತದೆ. ಬೇಸಗೆಯಲ್ಲಿ ನೆರಳಿಗೆ, ಮಳೆಗಾಲದಲ್ಲಿ ಬೆಳಕಿಗೆ ಸರಿಸುವ ಅನುಕೂಲವೂ ಉಂಟು. ಆದರೆ ಬೇಸಗೆಯಲ್ಲಿ ದಿನವೂ ನೀರು ತಪ್ಪಿಸುವಂತಿಲ್ಲ.

ನೀರು, ಹೊದಿಕೆ, ಗೊಬ್ಬರ

ಬುಡಕ್ಕೆ ಮೂರು ಅಂಗುಲ ದಪ್ಪ ತರಗೆಲೆ ಹೊದಿಕೆ ಹಾಕಿ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ. ಮಳೆ ನಿಂತ ಮೇಲೆ ವಾರಕ್ಕೆ ಎರಡು ಸಲ ನೀರು ಸಾಕು. ಮಾರ್ಚ್ ನಂತರ ದಿನ ಬಿಟ್ಟು ದಿನ ಬೇಕಾಗುತ್ತದೆ. ನೀರನ್ನು ಬೆಳಿಗ್ಗೆ, ಬುಡಕ್ಕೆ ಕೊಡಿ. ಎಲೆಯ ಮೇಲೆ ಸುರಿಯಬೇಡಿ.

ಮಧ್ಯಾಹ್ನ ಎಲೆ ಜೋತುಬಿದ್ದದ್ದನ್ನು ಕಂಡು ಗಾಬರಿಯಾಗಿ ಕೊಡಗಟ್ಟಲೆ ನೀರು ಸುರಿಯುವವರಿದ್ದಾರೆ. ಅಗಲ ಎಲೆಯ ಗಿಡ. ಬಿಸಿಲೇರಿದಾಗ ಬೇರು ಎಳೆಯುವುದಕ್ಕಿಂತ ಹೆಚ್ಚು ನೀರು ಎಲೆಯಿಂದ ಹೋಗುತ್ತದೆ, ಆದ್ದರಿಂದ ಬಾಡುತ್ತದೆ. ಸಂಜೆ ನೋಡಿ. ತಾನಾಗಿಯೇ ಎದ್ದು ನಿಂತಿದ್ದರೆ ನೀರಿನ ಕೊರತೆಯಲ್ಲ. ಸಂಜೆಯೂ, ಮರುದಿನ ಬೆಳಿಗ್ಗೆಯೂ ಬಾಡಿಯೇ ಇದ್ದರೆ ಬೆರಳಿನಿಂದ ಮಣ್ಣು ಕೆದಕಿ ನೋಡಿ. ಒಣಗಿದ್ದರೆ ನೀರು ಕೊಡಿ. ಒದ್ದೆಯಿದ್ದೂ ಬಾಡಿದ್ದರೆ ಬೇರು ಕೊಳೆಯುತ್ತಿದೆ. ಆಗ ನೀರು ಹಾಕುವುದೆಂದರೆ ಗಿಡವನ್ನು ಕೈಯಾರೆ ಕೊಂದಂತೆ.

ಗೊಬ್ಬರದ ವಿಷಯದಲ್ಲಿ ಅತಿಯಾದ ಪ್ರೀತಿ ಬೇಡ. ಮುಂಗಾರಿಗೆ ಮೊದಲು ಒಂದು ಬುಟ್ಟಿ ಕಳಿತ ಗೊಬ್ಬರ, ಹೂ ಮುಗಿದ ಮೇಲೆ ಇನ್ನೊಂದು ಬುಟ್ಟಿ. ಅಷ್ಟೇ ಸಾಕು. ಭತ್ತಕ್ಕೆ ಹಾಕಿ ಉಳಿದ ಯೂರಿಯವನ್ನು ತಂದು ಸುರಿದರೆ, ದಿನವೂ ಸಗಣಿ ಬಗ್ಗಡ ಹೊಯ್ದರೆ, ಗಿಡ ಎಲೆಯ ಮೇಲೆ ಎಲೆ ಬಿಡುತ್ತದೆ. ಹೂವಿನ ನೆನಪೇ ಅದಕ್ಕೆ ಬರುವುದಿಲ್ಲ.

ನವರಾತ್ರಿಯೊಳಗೆ ಕತ್ತರಿ ಕೆಳಗಿಡಿ

ಈಗ ಹೂ ಬಾರದಿರಲು ಇರುವ ಎರಡನೆಯ ದೊಡ್ಡ ಕಾರಣಕ್ಕೆ ಬರೋಣ.

ದಾಸವಾಳ, ಗುಲಾಬಿ ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುತ್ತವೆ. ಯಾವಾಗ ಕತ್ತರಿಸಿದರೂ ಚಿಗುರಿ ಹೂ ಕೊಡುತ್ತವೆ. ಚೆಂಡು ಹೈಡ್ರಾಂಜಿಯ ಹಾಗಲ್ಲ. ಮುಂದಿನ ವರ್ಷದ ಹೂವನ್ನು ಅದು ಈ ವರ್ಷವೇ ಕಟ್ಟಿಟ್ಟುಕೊಳ್ಳುತ್ತದೆ. ಮಳೆ ಕಳೆದು ರಾತ್ರಿ ತಂಪಾಗತೊಡಗಿದಾಗ, ಈಗಾಗಲೇ ಬೆಳೆದ ಕಡ್ಡಿಯ ತುದಿಯ ಮೊಗ್ಗಿನೊಳಗೆ ಹೂವಿನ ಗರ್ಭ ಕಟ್ಟುತ್ತದೆ. ಹೊರಗಿನಿಂದ ನೋಡಿದರೆ ಅದು ಎಲೆಮೊಗ್ಗಿನಂತೆಯೇ ಕಾಣುತ್ತದೆ. ಬೇಸಗೆ ಕಾಲಿಟ್ಟ ಮೇಲೆ ಅದು ಒಡೆದು ಗೊಂಚಲಾಗುತ್ತದೆ.

ನಾವು ಮಾಡುವುದೇನು? ಡಿಸೆಂಬರ್-ಜನವರಿಯಲ್ಲಿ ಅಡಿಕೆ ಹರವಲು ಅಂಗಳ ಮಾಡುವಾಗ, ಕಾಫಿ ಕುಯ್ಲಿಗೆ ಕಣ ಬಿಡಿಸುವಾಗ, “ಗಿಡ ಅಡ್ಡವಾಯಿತು” ಎಂದು ಕತ್ತಿ ಬೀಸಿಬಿಡುತ್ತೇವೆ. ಆ ಒಂದು ಏಟಿಗೆ ಮುಂದಿನ ವರ್ಷದ ಹೂವೆಲ್ಲ ಗೊಬ್ಬರದ ಗುಂಡಿ ಸೇರುತ್ತದೆ. ಗಿಡ ಮತ್ತೆ ಚಿಗುರಿ ಹಸಿರಾಗುತ್ತದೆ. ನಾವು “ಗೊಡ್ಡು” ಎನ್ನುತ್ತೇವೆ.

ಆದ್ದರಿಂದ ಈ ಸೂತ್ರ ನೆನಪಿಡಿ: ಹೂ ಬಾಡಿದ ಕೂಡಲೇ, ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಸವರಬೇಕು. ನವರಾತ್ರಿ ಬಂದಿತೆಂದರೆ ಕತ್ತರಿ ಕೆಳಗಿಡಬೇಕು.

ಸವರುವಾಗ ಬಾಡಿದ ಗೊಂಚಲಿನ ಕೆಳಗೆ, ದಪ್ಪನೆಯ ಜೋಡಿ ಮೊಗ್ಗು ಕಾಣುವಲ್ಲಿ ಕತ್ತರಿಸಿ. ನಾಲ್ಕು ವರ್ಷ ದಾಟಿದ ಗಿಡವಾದರೆ ಮುದಿಯಾದ ಕಾಂಡಗಳಲ್ಲಿ ಮೂರರಲ್ಲೊಂದು ಪಾಲನ್ನು ವರ್ಷಕ್ಕೊಮ್ಮೆ ಬುಡಮಟ್ಟಕ್ಕೆ ತೆಗೆಯಿರಿ. ಹೊಸ ಕಾಂಡಗಳಿಗೆ ಬಿಸಿಲು ಬೀಳುತ್ತದೆ. ಹೀಗೆ ಮಾಡುತ್ತ ಹೋದರೆ ಗಿಡ ಮೂರಡಿಯೊಳಗೆ ದುಂಡಗೆ ನಿಲ್ಲುತ್ತದೆ. ಎಳೆಯ ಗಿಡದ ಕುಡಿಯನ್ನು ಮೊದಲ ಮಳೆಗಾಲದಲ್ಲೇ ಒಂದು ಸಲ ಚಿವುಟಿದರೆ ನಾಲ್ಕಾರು ಕವಲೊಡೆಯುತ್ತದೆ.

ಹಳೆಯ ಕಡ್ಡಿಯಲ್ಲೂ ಹೊಸ ಚಿಗುರಿನಲ್ಲೂ ಹೂ ಬಿಡುವ ತಳಿಗಳೂ ಇವೆ. 2004ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ‘ಎಂಡ್‌ಲೆಸ್ ಸಮ್ಮರ್’ ಅಂಥದ್ದು. ನರ್ಸರಿಯವರು ಯಾವ ಹೆಸರು ಹೇಳಿದರೂ, ನಿಮ್ಮ ಗಿಡ ಯಾವ ಬಗೆಯದೆಂದು ನೀವೇ ಕಂಡುಕೊಳ್ಳುವ ತನಕ ಮೇಲಿನ ಸೂತ್ರವನ್ನೇ ಪಾಲಿಸಿ. ಅದರಿಂದ ಯಾವ ಗಿಡಕ್ಕೂ ನಷ್ಟವಿಲ್ಲ.

ಹೂವಿನ ಬಣ್ಣ ಹೇಳುವ ಮಣ್ಣಿನ ಗುಟ್ಟು

ಒಂದೇ ತಾಯಿಗಿಡದ ಕಡ್ಡಿ ನಿಮ್ಮ ಮನೆಯಲ್ಲಿ ನೀಲಿ ಹೂ ಬಿಟ್ಟರೆ, ಅದನ್ನೇ ಒಯ್ದ ಬೀಗರ ಮನೆಯಲ್ಲಿ ಗುಲಾಬಿ ಬಿಡಬಹುದು. ಮಾಟವೂ ಅಲ್ಲ, ಮಂತ್ರವೂ ಅಲ್ಲ. ಮಣ್ಣು ಹುಳಿಯಾಗಿದ್ದರೆ ಅದರಲ್ಲಿರುವ ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ. ಅದು ಹೂವನ್ನು ಸೇರಿದಾಗ ನೀಲಿ ಬಣ್ಣ ಬರುತ್ತದೆ. ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚಿದ್ದರೆ ಅಲ್ಯೂಮಿನಿಯಂ ಕರಗದೆ ಕುಳಿತುಬಿಡುತ್ತದೆ, ಹೂ ಗುಲಾಬಿಯಾಗಿ ಉಳಿಯುತ್ತದೆ. ಮಣ್ಣಿನ ರಸಸಾರ 5.5ಕ್ಕಿಂತ ಕೆಳಗಿದ್ದರೆ ನೀಲಿ, 6.5ರ ಮೇಲಿದ್ದರೆ ಗುಲಾಬಿ, ನಡುವೆ ಇದ್ದರೆ ನೇರಳೆ ಅಥವಾ ಎರಡೂ ಬೆರೆತದ್ದು ಎಂಬುದು ಸ್ಥೂಲವಾದ ಲೆಕ್ಕ. ಬಿಳಿ ಹೂವಿನ ತಳಿ ಮಾತ್ರ ಹೀಗೆ ಬಣ್ಣ ಬದಲಿಸುವುದಿಲ್ಲ.

ಜೋರು ಮಳೆ ಸುಣ್ಣದಂಶವನ್ನು ತೊಳೆದು ಒಯ್ಯುವುದರಿಂದ ಮಲೆನಾಡಿನ ಕೆಮ್ಮಣ್ಣು ಸಹಜವಾಗಿಯೇ ಹುಳಿ. ಅದಕ್ಕೇ ನಮ್ಮ ಕಡೆ ನೀಲಿ ಹೂ ಹೆಚ್ಚು. ಹೊಸ ಸಿಮೆಂಟು ಗೋಡೆಯ ಬುಡದಲ್ಲಿ ನೆಟ್ಟ ಗಿಡ ಗುಲಾಬಿಗೆ ತಿರುಗಿದರೆ ಅದು ಗೋಡೆಯಿಂದ ಇಳಿದ ಸುಣ್ಣದ ಕೆಲಸ.

ರೈತರಾದ ನಿಮಗೆ ಇದರಲ್ಲಿ ಅಲಂಕಾರಕ್ಕಿಂತ ದೊಡ್ಡ ಮಾತಿದೆ. ಅಂಗಳದ ಹೈಡ್ರಾಂಜಿಯ ಕಡು ನೀಲಿ ಬಿಡುತ್ತಿದ್ದರೆ, ಅದೇ ಗುಡ್ಡದ ಮಣ್ಣಿನಲ್ಲಿರುವ ನಿಮ್ಮ ಕಾಫಿ, ಮೆಣಸು, ಅಡಿಕೆಯ ನೆಲವೂ ಹುಳಿಯಾಗಿರುವ ಸಂಭವ ಹೆಚ್ಚು. ಹುಳಿ ಮೀರಿದ ನೆಲದಲ್ಲಿ ಹಾಕಿದ ರಂಜಕ ಬೆಳೆಗೆ ಸಿಗದೆ ಮಣ್ಣಿನಲ್ಲೇ ಕಟ್ಟಿಬೀಳುತ್ತದೆ. ಗೊಬ್ಬರಕ್ಕೆ ಕೊಟ್ಟ ಹಣ ನೆಲದ ಪಾಲಾಗುತ್ತದೆ. ಹಾಗೆಂದು ಹೂ ನೋಡಿ ತೋಟಕ್ಕೆಲ್ಲ ಸುಣ್ಣ ಎರಚಬೇಡಿ. ಹೂ ಎಚ್ಚರಿಕೆ ಕೊಡುತ್ತದೆ, ಎಕರೆಗೆ ಎಷ್ಟು ಸುಣ್ಣವೆಂದು ಹೇಳುವುದಿಲ್ಲ. ಅದಕ್ಕೆ ಮಣ್ಣು ಪರೀಕ್ಷೆಯೇ ಆಗಬೇಕು. ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನು, ಅಥವಾ ಕಾಫಿ ಬೆಳೆಗಾರರಾದರೆ ಕಾಫಿ ಮಂಡಳಿಯವರನ್ನು ವಿಚಾರಿಸಿ.

ಗುಲಾಬಿ ಹೂವನ್ನು ನೀಲಿ ಮಾಡುವ ಆಸೆಯಿದ್ದರೆ ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಲ್ಯೂಮಿನಿಯಂ ಸಲ್ಫೇಟ್ ಕರಗಿಸಿ, ಮಣ್ಣು ಒದ್ದೆಯಿರುವಾಗ ಬುಡದ ಸುತ್ತ ಹೊಯ್ಯಿರಿ. ಎಲೆಗೆ ತಾಗಬಾರದು. ನೆಟ್ಟು ಎರಡು ವರ್ಷ ಆಗದ ಗಿಡಕ್ಕೆ ಬೇಡ, ಬೇರು ಸುಡುತ್ತದೆ. ನೀಲಿ ಬೇಕಾದವರು ಆ ಬುಡಕ್ಕೆ ಸೂಪರ್ ಫಾಸ್ಫೇಟ್, ಮೂಳೆ ಹಿಟ್ಟು ಹಾಕಬಾರದು. ರಂಜಕವು ಅಲ್ಯೂಮಿನಿಯಂ ಅನ್ನು ಹಿಡಿದಿಟ್ಟುಬಿಡುತ್ತದೆ. ಗುಲಾಬಿ ಬೇಕಾದವರು ಒಂದು ಹಿಡಿ ಕೃಷಿ ಸುಣ್ಣವನ್ನು ಬುಡದ ಸುತ್ತ ಬೆರೆಸಿ. ಬಣ್ಣ ಒಂದೇ ವಾರದಲ್ಲಿ ತಿರುಗುವುದಿಲ್ಲ, ಮುಂದಿನ ಹೂವಿನ ತನಕ ಕಾಯಬೇಕು.

ದನಕರುಗಳಿಗೆ ಅಪಾಯ

ಇದನ್ನು ಮರೆಯದೆ ಓದಿ. ಹೈಡ್ರಾಂಜಿಯದ ಎಲೆ, ಮೊಗ್ಗು, ಕಡ್ಡಿಗಳಲ್ಲಿ ವಿಷದ ಅಂಶವಿದೆ. ಹೊಟ್ಟೆಯೊಳಗೆ ಅದು ಸಯನೈಡ್ ಬಿಡಬಲ್ಲದು. ದನ, ಆಡು, ನಾಯಿ ಹೆಚ್ಚು ತಿಂದರೆ ಹೊಟ್ಟೆ ಕೆಟ್ಟು ಭೇದಿಯಾಗುತ್ತದೆ, ಮಂಕಾಗುತ್ತವೆ. ಹಸಿರು ಸೊಪ್ಪು ಎಂದು ಸವರಿದ ರೆಂಬೆಗಳನ್ನು ಕೊಟ್ಟಿಗೆಯ ಗೋದಲಿಗೆ ಹಾಕಬೇಡಿ, ಕರು ಕಟ್ಟುವ ಗೂಟದ ಹತ್ತಿರ ಗಿಡ ನೆಡಬೇಡಿ. ಸವರಿದ್ದನ್ನು ದನ ಬಾಯಿ ಹಾಕದ ಗುಂಡಿಯಲ್ಲಿ ಹೂಳಿ. ತಿಂದದ್ದು ಕಂಡರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಪಶುವೈದ್ಯರನ್ನು ಕರೆಯಿರಿ. ಏನು ತಿಂದಿತೆಂದು ಹೇಳಿ. ಮಕ್ಕಳಿಗೂ ಹೂ ಬಾಯಿಗಿಡಬಾರದೆಂದು ತಿಳಿಸಿ.

ರೋಗ, ಕೀಟ

ಮಳೆಗಾಲದಲ್ಲಿ ಎಲೆಯ ಮೇಲೆ ಕಂದು, ನೇರಳೆ ಚುಕ್ಕೆಗಳು ಬರುತ್ತವೆ. ಅಂಥ ಎಲೆಗಳನ್ನು ಕಿತ್ತು ಸುಡಿ, ಗಾಳಿಯಾಡುವಂತೆ ಮಾಡಿ. ಇದರಿಂದ ಗಿಡ ಸಾಯುವುದಿಲ್ಲ. ಮಳೆ ನಿಂತ ಮೇಲೆ ಬೂದಿ ಎರಚಿದಂತೆ ಕಂಡರೆ ಅದು ಬೂದಿ ರೋಗ. ನೆರಳು ಹೆಚ್ಚಿದ್ದಲ್ಲಿ ಇದರ ಕಾಟವೂ ಹೆಚ್ಚು. ಎಳೆಯ ಸಸಿಗಳನ್ನು ಬಸವನಹುಳು ಮೇಯುತ್ತದೆ. ಸಂಜೆ ಲಾಟೀನು ಹಿಡಿದು ಆರಿಸಿ ತೆಗೆಯುವುದೇ ಮೇಲು. ಬೇಸಗೆಯಲ್ಲಿ ಎಲೆಯಡಿ ನುಸಿ ಕೂತು ಎಲೆ ಮಂಕಾದರೆ ಬೆಳಗಿನ ಹೊತ್ತು ಎಲೆಯ ಅಡಿಭಾಗಕ್ಕೆ ನೀರು ಸಿಡಿಸಿ, ಹೆಚ್ಚಾದರೆ ಬೇವಿನ ಸೋಪಿನ ನೀರು ಹೊಡೆಯಿರಿ.

ಬಯಲುಸೀಮೆಯವರಿಗೆ ಒಂದು ಮಾತು

ರಾಯಚೂರು, ಬಳ್ಳಾರಿ, ಕಲಬುರಗಿ ಕಡೆಯ ಓದುಗರು ಇದನ್ನು ಓದಿ ಗಿಡ ತರಿಸಲು ಹೋಗಬೇಡಿ. ಎರೆಮಣ್ಣಿನ ಸುಣ್ಣ, ಬೇಸಗೆಯ ಬಿಸಿಗಾಳಿ ಎರಡೂ ಇದಕ್ಕೆ ಆಗಿಬರುವುದಿಲ್ಲ. ದಾಸವಾಳ, ನಂದಿಬಟ್ಟಲು ನಿಮ್ಮ ಅಂಗಳಕ್ಕೆ ನೂರು ಪಾಲು ಮೇಲು. ಕರಾವಳಿಯವರಿಗೆ, ಕೆಂಪುಮಣ್ಣಿನ ಬೆಚ್ಚನೆಯ ಸೀಮೆಯವರಿಗೆ ನಮ್ಮದೇ ನೆಲದ ಕೇಪಳ ಇದೆ. ಪೂರ್ಣ ಬಿಸಿಲಿನಲ್ಲಿ ಮೂರಡಿ ಎತ್ತರಕ್ಕೆ ನಿಂತು ಗೊಂಚಲು ಗೊಂಚಲು ಹೂ ಕೊಡುತ್ತದೆ, ದೇವರಿಗೂ ಆಗುತ್ತದೆ, ತಂಬುಳಿಗೂ ಆಗುತ್ತದೆ. ಹೊರಗಿನದ್ದು ಚೆಂದವೆಂದು ಮನೆಯದ್ದನ್ನು ಕಡೆಗಣಿಸಬಾರದು.

ಕೊನೆಯದಾಗಿ

ಹೈಡ್ರಾಂಜಿಯ ಹೂವಿಗೆ ಹೇಳಿಕೊಳ್ಳುವಂಥ ಪರಿಮಳವಿಲ್ಲ. ಆದರೆ ಜಗಲಿಯ ಹೂದಾನಿಯಲ್ಲಿ ಇದರಷ್ಟು ತುಂಬಿ ಕಾಣುವ ಹೂ ಕಡಿಮೆ. ಬೆಳಗಿನ ತಂಪಿನಲ್ಲಿ ಬಲಿತ ಗೊಂಚಲನ್ನು ಕೊಯ್ದು ಕೂಡಲೇ ನೀರಿಗಿಡಿ. ಬಾಡಿದರೆ ಇಡೀ ಗೊಂಚಲನ್ನೇ ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಡಿ. ಪುಷ್ಪಪತ್ರಗಳೇ ನೀರು ಕುಡಿದು ಮತ್ತೆ ಅರಳಿ ನಿಲ್ಲುತ್ತವೆ. ಸಸಿ ಮಾಡಿ ಮಾರುವ ಯೋಚನೆಯಿದ್ದವರು ಮೊದಲು ಕೊಳ್ಳುವವರನ್ನು ಕಂಡುಕೊಂಡು ಆಮೇಲೆ ಚೀಲ ತುಂಬಿ. ಮೊದಲ ವರ್ಷ ಐವತ್ತು ಸಸಿಗಳಿಂದ ಶುರುಮಾಡಿದರೆ ಸಾಕು.

ನಿಮ್ಮ ಅಂಗಳದ ಗೊಡ್ಡು ಗಿಡವನ್ನು ಕಿತ್ತು ಬಿಸಾಡುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ಬೆಳಿಗ್ಗೆ ನಾಲ್ಕು ಗಂಟೆ ಕಾಲ ಬಿಸಿಲು ಬೀಳುತ್ತದೆಯೇ? ನವರಾತ್ರಿ ಕಳೆದ ಮೇಲೆ ಯಾರಾದರೂ ಕತ್ತಿ ಹಾಕಿದರೇ? ಯೂರಿಯ ಸುರಿದಿರೇ? ಉತ್ತರ ಅಲ್ಲೇ ಸಿಗುತ್ತದೆ. ತೀರಾ ನೆರಳಿನಲ್ಲಿರುವ ಗಿಡವನ್ನು ಮಳೆ ಹಿಡಿದ ಮೇಲೆ, ಬೇರಿನ ಸುತ್ತಲ ಮಣ್ಣು ಒಡೆಯದಂತೆ ಅಗೆದು, ಮನೆಯ ಪೂರ್ವಕ್ಕೆ ತಂದು ನೆಡಿ. ಒಂದು ವರ್ಷ ಅದು ಮುನಿಸಿಕೊಂಡಂತೆ ಸುಮ್ಮನಿರಬಹುದು. ಅದರ ಮರುವರ್ಷದ ಬೇಸಗೆಯಲ್ಲಿ ಜಗಲಿಯ ಮೇಲೆ ಕೂತು ಕಾಫಿ ಕುಡಿಯುವಾಗ, ಅದು ಗೊಡ್ಡೋ ಅಲ್ಲವೋ ಎಂಬುದನ್ನು ನೀವೇ ನೋಡುವಿರಿ.